ಓರ್ಕ್ ಬಂತೋ, ಓರ್ಕ್ ಬಂದನೋ? ಕನ್ನಡ ಕಥೆಗೆ ಓರ್ಕ್ ಕುಲ ಕಟ್ಟುವ ಬಗೆ

ಚಿಂತಾಮಣಿ, ಕೋಲಾರ, ಮಧುಗಿರಿ ಕಡೆಯ ಹುಡುಗ ಹುಡುಗಿಯರು ತಾವು ಬರೆದ ಫ್ಯಾಂಟಸಿ ಕಥೆಗಳನ್ನು ನನಗೆ ಕಳಿಸುತ್ತಾರೆ. ಫ್ಯಾಂಟಸಿ ಅಂದರೆ ಮಾಯೆ ಮಂತ್ರಗಳಿರುವ, ಮನುಷ್ಯರ ಜೊತೆ ಬೇರೆ ಕುಲದವರೂ ಬದುಕುವ ಕಲ್ಪನೆಯ ಲೋಕದ ಕಥೆ. ಓರ್ಕ್ ಅಂದರೆ ಇಂಗ್ಲಿಷ್ ಫ್ಯಾಂಟಸಿ ಕಥೆಗಳಲ್ಲಿ ಶತ್ರುವಿನ ದಂಡಾಗಿ ಬರುವ, ಒರಟು ಮೈಯ ಒಂದು ಕುಲ. ಕಥೆಯ ಜೊತೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಮೇಡಂ, ನನ್ನ ಕಥೆಗೆ ಓರ್ಕ್‌ಗಳು ಬೇಕು. ಕನ್ನಡದಲ್ಲಿ ಅವರನ್ನು ಹೇಗೆ ತರೋದು? ರಾಕ್ಷಸರು ಅಂತ ಬರೆದರೆ ಸಾಕಾ?"

ಸಾಲುವುದಿಲ್ಲ. ಯಾಕೆ ಅನ್ನುವುದನ್ನು ಎರಡನೇ ಹಂತದಲ್ಲಿ ಹೇಳುತ್ತೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ನನಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ. ಕಥೆ ಬರೆಯುವವರಿಗೂ ಉಪಯೋಗಕ್ಕೆ ಬರುತ್ತದೆ, ಟೇಬಲ್‌ಟಾಪ್ ಆಟ ಆಡಿಸುವವರಿಗೂ ಬರುತ್ತದೆ. ಟೇಬಲ್‌ಟಾಪ್ ಅಂದರೆ ನಾಲ್ಕಾರು ಜನ ಮೇಜಿನ ಸುತ್ತ ಕೂತು, ದಾಳ ಹಾಕಿ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾ ಕಥೆ ಬೆಳೆಸುವ ಆಟ.

ಏನೇನು ಬೇಕು

ಒಂದು ನೋಟ್‌ಬುಕ್. ನಿಮ್ಮ ತಾಲ್ಲೂಕಿನ ನಕ್ಷೆ. ಹತ್ತಿರದ ಯಾವುದಾದರೂ ಬಂಡೆ ಬೆಟ್ಟದಲ್ಲಿ ಅರ್ಧ ದಿನದ ಓಡಾಟ. ಹಳೆಯ ಬೇಸಾಯ ಗೊತ್ತಿರುವ ಒಬ್ಬ ಅಜ್ಜಿ ಅಥವಾ ತಾತ. ಇಷ್ಟೇ ಸಾಕು.

ಬೆಟ್ಟಕ್ಕೆ ಒಬ್ಬರೇ ಹೋಗಬೇಡಿ. ತುಮಕೂರು ಕಡೆಯ ಬಂಡೆ ಬೆಟ್ಟಗಳಲ್ಲಿ ಕರಡಿಗಳಿವೆ. ಗವಿಯ ಬಾಯಲ್ಲಿ ನಿಂತು ನೋಡಿದರೆ ಸಾಕು, ಒಳಗೆ ನುಗ್ಗಬೇಡಿ. ಕೆಜಿಎಫ್ ಕಡೆಯವರಾದರೆ ಹಳೆಯ ಗಣಿ ಬಾವಿಗಳ ಹತ್ತಿರ ಹೋಗಲೇಬೇಡಿ.

ಹಂತ 1: ಓರ್ಕ್‌ನ ವಂಶ ತಿಳಿದುಕೊಳ್ಳಿ

'ಓರ್ಕ್' ಯಾರೋ ಮೊನ್ನೆ ಹುಟ್ಟಿಸಿದ ಪದ ಅಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಕಾವ್ಯ 'ಬೇವುಲ್ಫ್'ನಲ್ಲಿ ಕೆಟ್ಟ ಜೀವಿಗಳ ಪಟ್ಟಿಯೊಂದಿದೆ, ಅಲ್ಲಿ 'ಓರ್ಕ್‌ನೇಅಸ್' ಅನ್ನುವ ಪದ ಬರುತ್ತದೆ. ಜೆ. ಆರ್. ಆರ್. ಟೋಲ್ಕಿನ್ ಹಳೆಯ ಇಂಗ್ಲಿಷ್‌ನ ಮೇಷ್ಟ್ರು. ಅವರು ಆ ಪದವನ್ನು ಎತ್ತಿಕೊಂಡು ಒಂದು ಇಡೀ ಕುಲ ಮಾಡಿದರು. 1937ರ 'ದಿ ಹಾಬಿಟ್'ನಲ್ಲಿ ಅವರು ಹೆಚ್ಚಾಗಿ 'ಗಾಬ್ಲಿನ್' (ಇಂಗ್ಲಿಷ್ ಜನಪದ ಕಥೆಗಳ ತುಂಟ, ಕೆಟ್ಟ ಜೀವಿ) ಅಂತಲೇ ಬರೆದಿದ್ದರು. 1954-55ರಲ್ಲಿ ಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಓರ್ಕ್ ಅನ್ನುವ ಹೆಸರು ಗಟ್ಟಿಯಾಯಿತು.

1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅನ್ನುವ ಟೇಬಲ್‌ಟಾಪ್ ಆಟ ಬಂತು. ಅದರ 1977ರ ಪುಸ್ತಕದಲ್ಲಿ ಓರ್ಕ್‌ಗೆ ಹಂದಿಯ ಮುಖ. ಹಸಿರು ಮೈ ಹಬ್ಬಿದ್ದು 80ರ ದಶಕದಲ್ಲಿ, 'ವಾರ್‌ಹ್ಯಾಮರ್' ಆಟದ ಪುಟ್ಟ ಗೊಂಬೆಗಳಿಂದ. 1994ರಲ್ಲಿ 'ವಾರ್‌ಕ್ರಾಫ್ಟ್' ಕಂಪ್ಯೂಟರ್ ಆಟ ಬಂತು. 2002ರಲ್ಲಿ ಅದರ ಮೂರನೇ ಭಾಗ ಬಂದಾಗ ಓರ್ಕ್ ನಾಯಕನೇ ಕಥಾನಾಯಕರಲ್ಲಿ ಒಬ್ಬ. ಅವನಿಗೆ ಮಾನ ಇತ್ತು, ಹಿರಿಯರ ಮೇಲೆ ಭಕ್ತಿ ಇತ್ತು, ಕಳೆದುಕೊಂಡ ನಾಡಿನ ನೆನಪಿತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ 1978ರಿಂದಲೇ 'ಅರೆ-ಓರ್ಕ್' ಆಗಿ ಆಡಬಹುದಿತ್ತು. ಅಂದರೆ ಮನುಷ್ಯರಿಗೂ ಓರ್ಕ್‌ಗಳಿಗೂ ಹುಟ್ಟಿದವರು. 2024ರ ಆಟಗಾರರ ಕೈಪಿಡಿಯಲ್ಲಿ ಓರ್ಕ್‌ಗಳು ಪೂರ್ತಿಯಾಗಿ ಆಟಗಾರರ ಪಕ್ಕ ಬಂದು ನಿಂತರು.

ಎಚ್ಚರಿಕೆ: 'ಓರ್ಕ್' ಅನ್ನುವ ಪದ ಯಾರ ಸೊತ್ತೂ ಅಲ್ಲ, ಬಳಸಿಕೊಳ್ಳಿ. 'ಉರುಕ್-ಹೈ'ನಂಥ ಹೆಸರು ಟೋಲ್ಕಿನ್ ಕಟ್ಟಿದ್ದು. ಅದನ್ನು ಮುಟ್ಟಬೇಡಿ. ಆಟಗಳಲ್ಲಿ ಬರುವ ಊರು, ನಾಯಕರ ಹೆಸರಿಗೂ ಇದೇ ಮಾತು.

ಹಂತ 2: ಹೆಸರು ಇಡಿ

ರಾಕ್ಷಸ ಅಂದ ತಕ್ಷಣ ಕನ್ನಡದ ಓದುಗರ ಕಣ್ಣ ಮುಂದೆ ಯಾರು ಬರುತ್ತಾರೆ? ತಪಸ್ಸು ಮಾಡಿ ವರ ಪಡೆದವನು. ರೂಪ ಬದಲಿಸುವವನು. ಒಬ್ಬನೇ ಬಂದರೂ ಊರು ನಡುಗಿಸುವವನು. ರಾವಣನಂತೆ ವೇದ ಓದಿದವನೂ ಇರಬಹುದು. ಓರ್ಕ್ ಹಾಗಲ್ಲ. ಅವನಿಗೆ ವರ ಇಲ್ಲ, ಮಾಯೆ ಇಲ್ಲ. ಅವನು ದಂಡಿನಲ್ಲಿ ಒಬ್ಬ. ಕಬ್ಬಿಣದ ಕೆಲಸ ಬಲ್ಲ, ಸುರಂಗ ತೋಡಬಲ್ಲ. ತಲೆಯ ಮೇಲೆ ಯಾವನೋ ಯಜಮಾನ ಕೂತಿರುತ್ತಾನೆ. ರಾಕ್ಷಸ ಅಂತ ಬರೆದು ಓರ್ಕ್‌ನ ತೋರಿಸಿದರೆ, ಓದುಗರು ಕೊನೆವರೆಗೂ ಮಾಯೆಗಾಗಿ ಕಾಯುತ್ತಾರೆ.

ನನ್ನ ಸಲಹೆ ಇದು. ಕಥೆಗಾರರಾಗಿ ನೀವು 'ಓರ್ಕ್' ಅನ್ನಿ. ಅಕ್ಕಪಕ್ಕದ ಮನುಷ್ಯರ ಬಾಯಲ್ಲಿ ಇನ್ನೊಂದು ಹೆಸರಿರಲಿ, ನಮ್ಮ ಹಳ್ಳಿಗಳಲ್ಲಿ 'ಆ ಗುಡ್ಡದೋರು' ಅಂತಾರಲ್ಲ, ಆ ಥರ. ಓರ್ಕರು ತಮ್ಮನ್ನು ತಾವು ಕರೆದುಕೊಳ್ಳುವ ಮೂರನೇ ಹೆಸರೂ ಬೇಕು. ಅದರಲ್ಲಿ ಹೆಮ್ಮೆ ಇರಬೇಕು. ಹೆಸರು ಕಟ್ಟಿದ ಮೇಲೆ ಅದು ನಿಜವಾದ ಯಾವ ಸಮುದಾಯದ ಹೆಸರೂ ಅಲ್ಲ ಅಂತ ಖಚಿತ ಮಾಡಿಕೊಳ್ಳಿ.

ಹಂತ 3: ಕ್ರಿಯಾಪದದ ಕೊನೆ ತೀರ್ಮಾನಿಸಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಹಂತ ಇದು. ಬಂದ ಕಥೆಗಳಲ್ಲಿ ಜಾಸ್ತಿ ಎಡವಿರುವುದೂ ಇಲ್ಲೇ. ನಿಧಾನವಾಗಿ ಓದಿ.

ಇಂಗ್ಲಿಷ್‌ನಲ್ಲಿ ಬರೆಯುವವರು ಓರ್ಕ್ ನಿಂತ ಅಂತಲೋ ನಿಂತಿತು ಅಂತಲೋ ಹೇಳದೆ ಪುಟಗಟ್ಟಲೆ ಮುಂದೆ ಹೋಗಬಹುದು. ಅವರ ಕ್ರಿಯಾಪದ ಬಾಯಿ ಬಿಡುವುದಿಲ್ಲ. ನಮ್ಮದು ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತದೆ. ಈ ಎರಡನ್ನೂ ಜೋರಾಗಿ ಓದಿ ನೋಡಿ:

"ಬಾಗಿಲ ಬಳಿ ಒಂದು ಓರ್ಕ್ ನಿಂತಿತ್ತು. ಕೈಯಲ್ಲಿ ಕೊಡಲಿ ಹಿಡಿದಿತ್ತು."

"ಬಾಗಿಲ ಬಳಿ ಒಬ್ಬ ಓರ್ಕ್ ನಿಂತಿದ್ದ. ಕೈಯಲ್ಲಿ ಕೊಡಲಿ ಹಿಡಿದಿದ್ದ."

ಮೊದಲನೆಯದನ್ನು ಓದಿದವರು 'ಓಡಬೇಕು' ಅಂದುಕೊಳ್ಳುತ್ತಾರೆ. ಎರಡನೆಯದನ್ನು ಓದಿದವರು 'ಯಾಕೆ ಬಂದಿದ್ದಾನೆ?' ಅಂತ ಕೇಳುತ್ತಾರೆ. ಕೊಡಲಿ ಅದೇ, ಬಾಗಿಲು ಅದೇ. ಇನ್ನು "ಒಬ್ಬಳು ಓರ್ಕ್ ನಿಂತಿದ್ದಳು" ಅಂತ ಬರೆದರೆ ಇನ್ನೊಂದೇ ಕಥೆ ಶುರುವಾಗುತ್ತದೆ, ಅಲ್ವಾ? ಎಣಿಕೆಯಲ್ಲೂ ಹೀಗೇ. 'ಮೂರು ಓರ್ಕ್‌ಗಳು' ಅಂದರೆ ಪ್ರಾಣಿಗಳು, 'ಮೂವರು ಓರ್ಕರು' ಅಂದರೆ ಜನ. 'ಸತ್ತಿತು' ಅಂದರೆ ಬೇಟೆ, 'ಸತ್ತ' ಅಂದರೆ ಸಾವು.

ನಮ್ಮ ಹಳೆಯ ಕಥೆಗಳು ಈ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿವೆ. ಮನುಷ್ಯರನ್ನೇ ತಿನ್ನುವ ಬಕಾಸುರನನ್ನೂ ನಾವು 'ಬಂದ' ಅಂತೀವಿ, 'ಬಂತು' ಅನ್ನುವುದಿಲ್ಲ. ಹಿಡಿಂಬೆ 'ಬಂದಳು'. ಭೀಮನಿಗೆ ಅವಳಲ್ಲಿ ಹುಟ್ಟಿದ ಘಟೋತ್ಕಚ ಪಾಂಡವರ ಪರವಾಗಿ ಹೋರಾಡಿ, ಕರ್ಣನ ಶಕ್ತ್ಯಾಯುಧಕ್ಕೆ ಸಿಕ್ಕಿ ಸತ್ತ. ಅರೆ-ಓರ್ಕ್‌ನ ದುಃಖ ಹೇಗಿರುತ್ತದೆ ಅಂತ ತಿಳಿಯಲು ಬೇರೆ ಕಡೆ ಹುಡುಕಬೇಕಾಗಿಲ್ಲ. ಅವನನ್ನು ಓದಿದರೆ ಸಾಕು.

ಹಾಗಾದರೆ 'ಅದು' ಅಂತ ಬರೆಯಲೇಬಾರದಾ? ಬರೆಯಬಹುದು, ಆದರೆ ಯಾರ ಬಾಯಲ್ಲಿ ಅನ್ನುವುದು ಗೊತ್ತಿರಬೇಕು. ಕಥೆ ಹೇಳುವ ದನಿ ಓರ್ಕರನ್ನು 'ಅವರು' ಅನ್ನಲಿ. ಕೋಟೆಯ ಕಾವಲುಗಾರ ಹೆದರಿಕೆಯಲ್ಲಿ "ಅವು ಬರ್ತಾ ಇವೆ!" ಅಂತ ಕೂಗಲಿ. ಅದೇ ಕಾವಲುಗಾರ ಹತ್ತು ಅಧ್ಯಾಯ ಆದ ಮೇಲೆ ಗಾಯಗೊಂಡ ಓರ್ಕ್‌ನ ಪಕ್ಕ ಕೂತು "ಅವನಿಗೆ ನೀರು ಕೊಡಿ" ಅಂದರೆ, ಅವನು ಬದಲಾದ ಅಂತ ನೀವು ಬೇರೆ ಬರೆಯಬೇಕಾಗಿಲ್ಲ. 'ಅದಕ್ಕೆ' ಹೋಗಿ 'ಅವನಿಗೆ' ಬಂದಿದೆ. ಇಂಥ ಅವಕಾಶ ಎಲ್ಲ ಭಾಷೆಗಳಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ, ಬಿಡಬೇಡಿ.

ಇನ್ನೊಂದು ಸೂಕ್ಷ್ಮ ಇದೆ. ಕನ್ನಡದಲ್ಲಿ 'ಅದು' ಯಾವಾಗಲೂ ಕೀಳಲ್ಲ. ಮಗು 'ಬಂತು', ಮಗು 'ನಕ್ಕಿತು' ಅಂತ ಪ್ರೀತಿಯಿಂದಲೇ ಹೇಳುತ್ತೀವಿ. ಓರ್ಕ್ ಅಜ್ಜಿಯೊಬ್ಬಳು ತೊಟ್ಟಿಲು ತೂಗುತ್ತಾ "ಈಗ ತಾನೆ ಮಲಗ್ತು, ಸದ್ದು ಮಾಡಬೇಡ್ರೋ" ಅಂದರೆ, ಕಾವಲುಗಾರ ಬಳಸಿದ ಅದೇ ವ್ಯಾಕರಣ ಇಲ್ಲಿ ಮಮತೆಯಾಗುತ್ತದೆ.

ನೀನು-ನೀವು ಕೂಡ ಈಗಲೇ ತೀರ್ಮಾನವಾಗಲಿ. ಮನುಷ್ಯರ ಪಾಳೆಗಾರ ಓರ್ಕ್ ನಾಯಕನನ್ನು 'ನೀನು' ಅನ್ನುತ್ತಾನಾ? ಓರ್ಕರು ತಮ್ಮ ಹಿರಿಯರನ್ನು ಏನಂತ ಕರೆಯುತ್ತಾರೆ? ಅಣ್ಣ, ಅಕ್ಕ, ತಾತ ಅನ್ನುವ ಪದಗಳು ಅವರ ನಡುವೆಯೂ ಓಡಾಡಲಿ.

ಸಾಮಾನ್ಯ ತಪ್ಪು: ಒಂದೇ ಪ್ಯಾರಾದಲ್ಲಿ 'ಓರ್ಕ್‌ಗಳು ನುಗ್ಗಿದವು', ಮುಂದಿನ ಸಾಲಲ್ಲಿ 'ಅವರು ಕೂಗಿದರು'. ಬೇಕಂತ ಬರೆದಿದ್ದಲ್ಲ, ಸುಮ್ನೆ ಕೈ ತಪ್ಪಿ ಬಂದಿದ್ದು. ನೋಟ್‌ಬುಕ್‌ನಲ್ಲಿ ಎರಡು ಕಾಲಂ ಮಾಡಿ. ಒಂದರಲ್ಲಿ ಓರ್ಕರನ್ನು 'ಅದು-ಅವು' ಅನ್ನುವ ಪಾತ್ರಗಳು, ಇನ್ನೊಂದರಲ್ಲಿ 'ಅವನು-ಅವಳು-ಅವರು' ಅನ್ನುವ ಪಾತ್ರಗಳು. ಕಥೆ ಮುಗಿದ ಮೇಲೆ ಒಂದು ಸಲ ಬರೀ ಕ್ರಿಯಾಪದಗಳನ್ನೇ ನೋಡುತ್ತಾ ಓದಿ.

ಹಂತ 4: ನೆಲೆ ಆರಿಸಿ

ಓರ್ಕರು ಬೆಟ್ಟದಡಿ ಸುರಂಗದಲ್ಲಿ ಇರುತ್ತಾರೆ ಅಂತ ಎಲ್ಲರೂ ಬರೆಯುತ್ತಾರೆ. ಸುರಂಗದಲ್ಲಿ ಬದುಕುವುದು ಎಂಥ ಕಷ್ಟ ಅಂತ ಗೊತ್ತಾಗಬೇಕಾದರೆ ಕೋಲಾರ ಚಿನ್ನದ ಗಣಿಯ ಕಥೆ ಕೇಳಬೇಕು. 2001ರಲ್ಲಿ ಮುಚ್ಚುವ ಹೊತ್ತಿಗೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ ಹೋಗಿತ್ತು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನಿಂದ ಗಾಳಿ ತಳ್ಳಬೇಕು, ಕೆಳಗಿನ ನೀರು ಎತ್ತಬೇಕು. ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ನಿಮ್ಮ ಓರ್ಕರು ಎಷ್ಟು ಆಳಕ್ಕೆ ಇಳಿಯುತ್ತಾರೆ, ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಉತ್ತರ ಇರಲಿ. ಬಂಡೆ ಸಿಡಿಯುವ ಮೊದಲು ಬರುವ ಸದ್ದನ್ನು ಗುರುತಿಸುವ ಒಬ್ಬ ಮುದಿ ಓರ್ಕ್ ಇದ್ದರೆ ಕಥೆಗೆ ಎಷ್ಟು ಬಲ ಬರುತ್ತದೆ ನೋಡಿ.

ಬೆಟ್ಟದ ಮೇಲೆ ಇರಿಸುವುದಾದರೆ ನೀರು ಎಲ್ಲಿ ಅಂತ ಮೊದಲು ನೋಡಿ. ಬಂಡೆಯ ಮೇಲೆ ಮಳೆನೀರು ನಿಲ್ಲುವ ದೊಣೆಗಳಿರುತ್ತವೆ. ಕೋಲಾರದ ಅಂತರಗಂಗೆಯಲ್ಲಿ ಬಂಡೆಯ ನಡುವಿಂದ ನೀರು ಬರುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿದರೆ, ಕೋಟೆ ಕಾಯುವವರಿಗೆ ಒಂದೊಂದು ಬಾಗಿಲೂ ಯಾಕೆ ಅಲ್ಲೇ ಬೇಕಿತ್ತು ಅಂತ ಕಾಲಿಗೇ ತಿಳಿಯುತ್ತದೆ.

ನೆಲದ ಲಕ್ಷಣ ತೆಗೆದುಕೊಳ್ಳಿ, ಊರಿನ ಹೆಸರು ಬದಲಿಸಿ. ನಿಜವಾದ ಹಳ್ಳಿಯ ಹೆಸರಿಟ್ಟು ಅದನ್ನು ಓರ್ಕ್‌ಗಳ ಬೀಡು ಮಾಡಿದರೆ ಅಲ್ಲಿಯವರಿಗೆ ನೋವಾಗುತ್ತದೆ.

ಹಂತ 5: ಹೊಟ್ಟೆ ಲೆಕ್ಕ ಹಾಕಿ

"ಹತ್ತು ಸಾವಿರ ಓರ್ಕ್‌ಗಳ ಸೈನ್ಯ ಬಂತು" ಅಂತ ಬರೆಯಲು ಅರ್ಧ ನಿಮಿಷ ಸಾಕು. ಅವರು ಬೆಳಿಗ್ಗೆ ಏನು ತಿಂದರು?

ಹತ್ತು ಸಾವಿರ ಬೇಡ, ಐನೂರು ಸಾಕು. ದೊಡ್ಡ ಮೈ, ದಿನಕ್ಕೆ ತಲೆಗೆ 1 ಕೆಜಿ ರಾಗಿ ಅಂತ ಇಟ್ಟುಕೊಳ್ಳೋಣ. ದಿನಕ್ಕೆ 5 ಕ್ವಿಂಟಲ್ ಆಯಿತು. ವರ್ಷಕ್ಕೆ 1,825 ಕ್ವಿಂಟಲ್. ಮಳೆ ನಂಬಿದ ಹೊಲದಲ್ಲಿ ಎಕರೆಗೆ 8 ಕ್ವಿಂಟಲ್ ಬೆಳೆದರೂ ಸುಮಾರು 230 ಎಕರೆ ಬೇಕು. ಬಿತ್ತನೆಗೆ ಎತ್ತಿಡುವುದು ಬೇರೆ. ದಂಡೆತ್ತಿ ಹೋದರೆ? ಒಂದು ಎತ್ತಿನ ಬಂಡಿಗೆ 10 ಕ್ವಿಂಟಲ್ ಹೇರಿದರೆ ಅದು ಎರಡು ದಿನದ ಊಟ. ಇಪ್ಪತ್ತು ದಿನದ ದಾರಿಗೆ ಹತ್ತು ಬಂಡಿ, ಇಪ್ಪತ್ತು ಎತ್ತು. ಎತ್ತುಗಳಿಗೆ ಮೇವು ಬೇರೆ ಬೇಕು.

ಈ ಲೆಕ್ಕ ಹಾಕಿದ ಕೂಡಲೇ ಕಥೆ ತಾನಾಗಿ ಹುಟ್ಟುತ್ತದೆ. 230 ಎಕರೆ ಯಾರದು? ಓರ್ಕರೇ ಉಳುತ್ತಾರಾ? ಉಳುವುದಾದರೆ ಅವರು ಮಳೆಗೆ ಕಾಯುವವರು, ನಮ್ಮ ಹಾಗೇ. ಉಳದಿದ್ದರೆ ಕೊಳ್ಳಬೇಕು, ಇಲ್ಲವೇ ಕಿತ್ತುಕೊಳ್ಳಬೇಕು.

ಮೂರನೆಯ ದಾರಿಯೂ ಉಂಟು, ಅದು ನಮ್ಮ ಕೈವಾರದ ಕಥೆಯಲ್ಲೇ ಇದೆ. ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಅನ್ನುವುದು ಊರಿನ ನಂಬಿಕೆ. ಬಕನಿಗೆ ಹೋಗುತ್ತಿದ್ದುದು ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ನಾವು ಮರೆಯುವ ಮಾತೊಂದಿದೆ. ಕಾವ್ಯದಲ್ಲಿ ಆ ನಾಡಿನ ರಾಜ ಕೈಲಾಗದವನು. ಬೇರೆ ಶತ್ರುಗಳಿಂದ ಊರನ್ನು ಕಾಯುತ್ತಿದ್ದವನು ಬಕನೇ. ಬಂಡಿ ಅನ್ನ ಆ ಕಾವಲಿನ ಕೂಲಿ. ನಿಮ್ಮ ಓರ್ಕರಿಗೂ ಊರಿಗೂ ಇಂಥದ್ದೊಂದು ಒಪ್ಪಂದ ಇರಲಿ, ಅದು ಯಾವ ವರ್ಷ ಮುರಿಯಿತು ಅಂತ ಬರೆಯಿರಿ.

ಕಾಳು ಎಲ್ಲಿಡುತ್ತಾರೆ ಅಂತ ಅಜ್ಜಿಯನ್ನು ಕೇಳಿ, ಹಗೇವಿನ ಬಗ್ಗೆ ಹೇಳುತ್ತಾರೆ. ನೆಲದೊಳಗೆ ಗುಡಾಣದ ಹಾಗೆ ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಹಾಕುವ ಗುಳಿ ಅದು. ರಾಗಿ ಅದರಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಬಾಯಿ ತೆಗೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಸಾಯುತ್ತಾರೆ. ಮೊದಲು ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಇಳಿಯಬಾರದು. ಓರ್ಕರ ಹಗೇವು ದೋಚಲು ಬಂದ ಮನುಷ್ಯರಿಗೆ ಈ ವಿಷಯ ಗೊತ್ತಿಲ್ಲದಿದ್ದರೆ ಏನಾಗುತ್ತದೆ?

ಸವಾರಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ತೋಳದ ಮೇಲೆ ಕೂತು ಬರುವ ಓರ್ಕ್ ಎಷ್ಟೋ ಕಥೆಗಳಲ್ಲಿ ಇದ್ದಾನೆ. ನಮ್ಮ ಬಯಲುಸೀಮೆಯ ತೋಳ 20 ಕೆಜಿ ಆಸುಪಾಸು ತೂಗುತ್ತದೆ. ಕುರಿಮರಿ ಕಚ್ಚಿಕೊಂಡು ಓಡುತ್ತದೆ, ಸವಾರನನ್ನು ಹೊರುವುದಿಲ್ಲ. ದೊಡ್ಡ ತೋಳ ಬೇಕೇ ಬೇಕು ಅಂದರೆ ಅದಕ್ಕೂ ಊಟದ ಲೆಕ್ಕ ಹಾಕಿ.

ಕಬ್ಬಿಣಕ್ಕೆ ಒಂದು ಸುಳಿವು ಕೊಡುತ್ತೇನೆ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಾಡು ನೋಡಿ ಬರೆಯಲು ಈ ಕಡೆ ಬಂದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಹತ್ತಿರದ ಚನ್ನರಾಯನದುರ್ಗದ ಸುತ್ತ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿದ್ದಾರೆ. ಮಳೆಗೆ ಬಂಡೆಯಿಂದ ಕೊಚ್ಚಿ ಬಂದ ಮರಳು ಅದು. ಕಾಯಿಸಲು ಇದ್ದಿಲು ಬೇಕು, ಇದ್ದಿಲಿಗೆ ಕಾಡು ಬೇಕು. ಓರ್ಕರಿಗೂ ಊರಿನವರಿಗೂ ಜಗಳ ಮರಕ್ಕಾಗಿಯೂ ಹುಟ್ಟಬಹುದು.

ಹಂತ 6: ಮಾತು ಕೊಡಿ

ಓರ್ಕರಿಗೆ ಸ್ವಂತ ಭಾಷೆ ಇರಲಿಲ್ಲ, ಸಿಕ್ಕ ಸಿಕ್ಕ ಭಾಷೆಯಿಂದ ಪದ ಎತ್ತಿ ಕೆಡಿಸಿಕೊಂಡರು, ಗುಂಪಿಗೊಂದು ಮಾತಾಯಿತು ಅಂತ ಟೋಲ್ಕಿನ್ ಬರೆದಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕೋಲಾರದ ಟೊಮೆಟೊ ಮಂಡಿಗೆ ಬೆಳಿಗ್ಗೆ ಹೋಗಿ ನಿಲ್ಲಿ. ಒಂದೇ ವ್ಯಾಪಾರದಲ್ಲಿ ಕನ್ನಡ, ತೆಲುಗು ಎರಡೂ ಓಡಾಡುತ್ತವೆ. ಕೆಜಿಎಫ್‌ಗೆ ಹೋದರೆ ತಮಿಳೂ ಸೇರುತ್ತದೆ. ಪಾವಗಡದಲ್ಲಿ ಮನೆಯೊಳಗೆ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ಇದು ಕೆಟ್ಟ ಭಾಷೆ ಅಲ್ಲ, ಗಡಿಯಲ್ಲಿ ಬದುಕುವವರ ಜಾಣತನ. ನಿಮ್ಮ ಓರ್ಕರು ಎರಡು ಮೂರು ಭಾಷೆ ಬಲ್ಲವರಾಗಲಿ. ಮನುಷ್ಯರಿಗೆ ಅವರ ಒಂದು ಮಾತೂ ಬರದೇ ಇರಲಿ. ಸಂಧಾನದ ದೃಶ್ಯದಲ್ಲಿ ಬಲ ಯಾರ ಕಡೆ ಇರುತ್ತದೆ ಯೋಚಿಸಿ.

ಬರೀ 'ಗ್ರ್ರ್', 'ಖ್ರಾಕ್' ಅಂತ ಒತ್ತಕ್ಷರ ಪೇರಿಸಬೇಡಿ. ಓದಲು ಆಗುವುದಿಲ್ಲ. ಹಾಗೇ ಓರ್ಕರಿಗೆ ಹಳ್ಳಿ ಕನ್ನಡ, ವೀರರಿಗೆ ಪುಸ್ತಕದ ಕನ್ನಡ ಅಂತ ಹಂಚಬೇಡಿ. ಆ ಹಳ್ಳಿ ಕನ್ನಡ ನಿಮ್ಮ ತಾತನದು.

ಹಂತ 7: ಮೈ ಬಣ್ಣ, ಮುಖ

ಇಲ್ಲಿ ತುಂಬಾ ಹುಷಾರಾಗಿರಿ. ಟೋಲ್ಕಿನ್ 1958ರ ಒಂದು ಪತ್ರದಲ್ಲಿ ಓರ್ಕ್‌ನ ಮುಖವನ್ನು ಮಂಗೋಲ್ ಜನರ ಮುಖಕ್ಕೆ ಹೋಲಿಸಿ ಬರೆದಿದ್ದರು. ಇವತ್ತಿಗೂ ಓದುಗರು ಅದನ್ನು ಎತ್ತಿ ತೋರಿಸಿ ಬೇಸರ ಪಡುತ್ತಾರೆ. ನಮ್ಮಲ್ಲಿ ಈ ತಪ್ಪು ಬೇರೆ ರೂಪದಲ್ಲಿ ಬರುತ್ತದೆ: ಕಪ್ಪು ಮೈ, ಚಪ್ಪಟೆ ಮೂಗು, ಗುಂಗುರು ಕೂದಲು ಅಂತ ಓರ್ಕರಿಗೆ, ಬೆಳ್ಳನೆ ಮೈ ವೀರರಿಗೆ. ಈ ವರ್ಣನೆ ಓದುವ ಹುಡುಗಿಯ ಮೈಬಣ್ಣವೂ ಕಪ್ಪಾಗಿರಬಹುದು. ಕಥೆಯಲ್ಲಿ ತನ್ನನ್ನು ಯಾರ ಸಾಲಿನಲ್ಲಿ ನಿಲ್ಲಿಸಿದ್ದೀರಿ ಅಂತ ಅವಳಿಗೆ ತಿಳಿಯದೇ ಇರುತ್ತದಾ?

ಮನುಷ್ಯರಲ್ಲಿ ಇಲ್ಲದ ಲಕ್ಷಣ ಕೊಡಿ. ಬಂಡೆಯ ಮೇಲಿನ ಹಾವಸೆಯಂಥ ಬೂದು-ಹಸಿರು ಚುಕ್ಕೆ, ಕತ್ತಲಲ್ಲಿ ಹೊಳೆಯುವ ಕಣ್ಣು, ವಯಸ್ಸಿನ ಜೊತೆ ಬೆಳೆಯುವ ಕೋರೆಹಲ್ಲು. ನಿಜವಾದ ಯಾವ ಸಮುದಾಯದ ಉಡುಗೆ, ದೇವರು, ಹಚ್ಚೆ, ಕಸುಬನ್ನೂ ಹಾಗೇ ಎತ್ತಿ ಓರ್ಕರಿಗೆ ಹಾಕಬೇಡಿ. ಮಾನ್‌ಸ್ಟರ್ ಅಂತ ಇನ್ನೊಬ್ಬರ ಕುಲದೇವರನ್ನು ತೋರಿಸುವುದು ಕಥೆಯ ಸ್ವಾತಂತ್ರ್ಯ ಅಲ್ಲ.

ಹಂತ 8: ಯುದ್ಧಕ್ಕೆ ಮೊದಲು ಒಂದು ಸಂತೆ

ಯುದ್ಧದ ಅಧ್ಯಾಯಕ್ಕೆ ಕೈ ಹಾಕುವ ಮೊದಲು ಒಂದೇ ಒಂದು ಪುಟ ಬರೆಯಿರಿ. ಓರ್ಕ್ ಒಬ್ಬಳು ಸಂತೆಗೆ ಉಪ್ಪು ಕೊಳ್ಳಲು ಬಂದಿದ್ದಾಳೆ. ಬೆಟ್ಟದಲ್ಲಿ ಉಪ್ಪು ಸಿಗುವುದಿಲ್ಲ, ಹಾಗಾಗಿ ಬರಲೇಬೇಕು. ಬದಲಿಗೆ ಏನು ತಂದಿದ್ದಾಳೆ? ಕುಡುಗೋಲು ಇರಬಹುದು. ಅಂಗಡಿಯವನು ಅವಳನ್ನು ಏನಂತ ಕರೆಯುತ್ತಾನೆ? ಯಾವ ಭಾಷೆಯಲ್ಲಿ ಚೌಕಾಸಿ ನಡೆಯುತ್ತದೆ? ಯಾರು ದೂರ ಸರಿದರು, ಯಾರ ಮಗು ಹತ್ತಿರ ಬಂತು? ಈ ಪುಟದಲ್ಲಿ ಯಾರೂ ಕತ್ತಿ ಎತ್ತಬಾರದು.

ಟೋಲ್ಕಿನ್ ಪುಸ್ತಕದಲ್ಲೂ ಇಂಥ ಒಂದು ಗಳಿಗೆ ಇದೆ. ಇಬ್ಬರು ಓರ್ಕ್ ಮುಖಂಡರು, ಯುದ್ಧ ಮುಗಿದ ಮೇಲೆ ದೊಡ್ಡ ಯಜಮಾನರಿಲ್ಲದ ಕಡೆ ನಾಲ್ಕು ನಂಬಿಕಸ್ತ ಹುಡುಗರ ಜೊತೆ ಹೋಗಿ ಇದ್ದುಬಿಡೋಣ ಅಂತ ಮಾತಾಡಿಕೊಳ್ಳುತ್ತಾರೆ. ಅವರ ಕನಸಿನಲ್ಲೂ ದೋಚುವ ಮಾತಿದೆ, ಒಳ್ಳೆಯವರೇನಲ್ಲ. ಆದರೂ ಆ ಕೆಲವು ಸಾಲು ಓದಿದ ಮೇಲೆ ನನಗೆ ಅವರನ್ನು 'ಅವು' ಅನ್ನಲು ಆಗಲಿಲ್ಲ.

ಸಂತೆಯ ಪುಟ ಸರಿ ಬಂದರೆ ಯುದ್ಧ ಬರೆಯಿರಿ. ಅಲ್ಲಿ ಮೊದಲು ಸಾಯುವ ಓರ್ಕ್‌ಗೆ ಒಂದು ಹೆಸರಿಡಿ. ಆ ಹೆಸರು ಹಿಡಿದು ಕೂಗುವ ಇನ್ನೊಬ್ಬ ಓರ್ಕ್ ಹತ್ತಿರದಲ್ಲೇ ಇರಲಿ.